ಗೋರೆಗಾಂವ್‌ನಲ್ಲಿ ಸೆಟಲ್ ಆಗದ ಕತೆ

ಕಳೆದ ಭಾನುವಾರ ಗೋರೆಗಾಂವ್‌ಗೆ ಜಾಗ ನೋಡಲು ಹೋಗಿದ್ದೆವು. ಅಪ್ಪ, ಅಮ್ಮ, ನಾನು. ಕೊಳ್ಳುವ ಜಾಗವಲ್ಲ. ಮದುವೆಯಾದರೆ ನಾನು ಹೋಗಿ ಸೇರಬೇಕಾಗಿದ್ದ ಜಾಗ.

(ಮನೆಯ ವಿಷಯವನ್ನು ಈ ಅಂಕಣಕ್ಕೆ ತರುವ ಅಭ್ಯಾಸ ನನಗಿಲ್ಲ, ನಿಮಗೆ ಗೊತ್ತು. ಈ ವಾರ ಬೇರೆ ದಾರಿ ಕಾಣಲಿಲ್ಲ.)

ಬೇರೆ ಊರುಗಳಲ್ಲಿ ಹುಡುಗಿಯನ್ನು ನೋಡಿ ಒಪ್ಪಿದರೆ ಅರ್ಧ ಮದುವೆ ಮುಗಿದಂತೆ. ಮುಂಬಯಿಯಲ್ಲಿ ಹಾಗಲ್ಲ. ಹುಡುಗನ ಕಡೆಯವರು ಹುಡುಗಿಯನ್ನು ನೋಡಿದ ಮೇಲೆ ನಾವು ಜಾಗ ನೋಡಬೇಕು. ಎಷ್ಟು ರೂಮು, ಯಾವ ಮಾಳಿಗೆ, ಸ್ಟೇಷನ್‌ನಿಂದ ನಡೆಯಬಹುದೋ ಬಸ್ಸು ಹಿಡಿಯಬೇಕೋ. ಈ ಗಡಿಬಿಡಿಯಲ್ಲಿ ಹುಡುಗನನ್ನು ಸರಿಯಾಗಿ ನೋಡುವವರು ಕಡಿಮೆ.

ಸಂಬಂಧ ತಂದವರು ನನ್ನ ಸೋದರತ್ತೆ ಸರೋಜತ್ತೆ. "ಹುಡುಗ ವೆಲ್ ಸೆಟಲ್ಡ್ ಕಣೇ" ಎಂದಿದ್ದರು. ಬೇರೆ ಗುಣ ಯಾವುದನ್ನೂ ಹೇಳಲಿಲ್ಲ. ಹೇಳುವ ಅಗತ್ಯವೂ ಅವರಿಗೆ ಕಾಣಲಿಲ್ಲ.

ಈ ಸೆಟಲ್ ಎಂಬ ಶಬ್ದ ನಮ್ಮ ನಡುವೆ ಎಷ್ಟು ದುಡಿಯುತ್ತದೆ, ಗಮನಿಸಿದ್ದೀರಾ? ಸಯನ್‌ನಲ್ಲಿ ನಮ್ಮ ಮನೆಯ ಕೆಳಗೆ ಹೋಟೆಲು ನಡೆಸುವ ಉಡುಪಿಯ ಭಟ್ಟರು, ಹೊಟ್ಟೆ ಕೆಟ್ಟಿದೆ ಎಂದವರಿಗೆಲ್ಲ ಮಜ್ಜಿಗೆ ಕೊಟ್ಟು "ಈಗ ಸೆಟಲ್ ಆಗ್ತದೆ ಮಾರಾಯ್ರೆ" ಅನ್ನುತ್ತಾರೆ. ಎದುರಿನ ಹೊಸ ಕಟ್ಟಡದ ಗೋಡೆ ಬಿರುಕು ಬಿಟ್ಟಾಗ ಬಿಲ್ಡರ್ ಹೆದರಲಿಲ್ಲ, ಬಿಲ್ಡಿಂಗ್ ಸೆಟಲ್ ಆಗುತ್ತಿದೆ ಅಷ್ಟೇ ಎಂದ. (ಒಳಗಿದ್ದವರು ಆ ರಾತ್ರಿ ಎಷ್ಟು ಸೆಟಲ್ ಆಗಿ ಮಲಗಿದರೋ.) ನಾನು ಕೆಲಸ ಮಾಡುವುದು ಪರೇಲ್‌ನ ಒಂದು ಔಷಧ ಪ್ರಯೋಗಾಲಯದಲ್ಲಿ. ಅಲ್ಲಿ ಗಾಜಿನ ನಳಿಕೆಯ ತಳಕ್ಕೆ ಇಳಿದು ಕೂತದ್ದು ಸೆಟಲ್ ಆದದ್ದು. ಗೇಟಿನ ಹೊರಗಿನ ಚಹದಂಗಡಿಯಲ್ಲಿ ಕೂರುವ, ಮುಷ್ಕರ ಹೂಡಿದ ಗಿರಣಿ ಕಾರ್ಮಿಕರಿಗೆ ಅದೇ ಶಬ್ದ ಬೇರೆ. ಸೆಟಲ್‌ಮೆಂಟ್ ಇವತ್ತಾಗುತ್ತದೆ, ನಾಳೆ ಆಗುತ್ತದೆ ಎಂದು ಕಾಯುತ್ತ ಅವರ ಮಕ್ಕಳ ಶಾಲೆ ಬಿಟ್ಟುಹೋಯಿತು.

ಸರೋಜತ್ತೆಗೆ ನಾನು ಹಾಕಿದ್ದು ಒಂದೇ ಷರತ್ತು. ನನ್ನ ಕೆಲಸ ನಾನು ಬಿಡುವುದಿಲ್ಲ. ಎಂ.ಎಸ್ಸಿ. ಮುಗಿಸಿ, ಸಂದರ್ಶನಗಳಿಗೆ ಅಲೆದು ಸಿಕ್ಕಿದ ಕೆಲಸ ಅದು. ಹುಡುಗನ ಮನೆಯವರು ಒಪ್ಪಿದ್ದಾರೆ ಎಂದು ಅತ್ತೆ ಭರವಸೆ ಕೊಟ್ಟರು. ಗೋರೆಗಾಂವ್‌ನಿಂದ ಪರೇಲ್ ದೂರವೇ, ಆದರೆ ನಾನು ದಾರಿ ಲೆಕ್ಕ ಹಾಕಿಟ್ಟಿದ್ದೆ. ಎಲ್ಫಿನ್‌ಸ್ಟನ್ ರೋಡ್‌ನಲ್ಲಿ ಇಳಿದು ಸೇತುವೆ ದಾಟಿದರೆ ಆಯಿತು.

ಮನೆ ಚೆನ್ನಾಗಿತ್ತು. ಎರಡು ರೂಮು, ಗ್ಯಾಲರಿ ಎಂದು ಕರೆಯುವ, ಗ್ರಿಲ್ ಹಾಕಿಸಿದ ಬಾಲ್ಕನಿ. ಹುಡುಗನ ತಾಯಿ ಲಲಿತಮ್ಮನವರು ಮೈಸೂರಿನ ಕಡೆಯವರು, ನಗುಮುಖ, ಉಪ್ಪಿಟ್ಟು ಬಡಿಸುತ್ತಲೇ ಅಮ್ಮನೊಡನೆ ಒಬ್ಬಿಬ್ಬರು ದೂರದ ನೆಂಟರನ್ನು ಪತ್ತೆಹಚ್ಚಿಯೂಬಿಟ್ಟರು. ಅಮ್ಮನ ಮುಖ ನೋಡಿದರೆ ಛತ್ರ ಬುಕ್ ಮಾಡಿದ ಹಾಗಿತ್ತು.

ಅಪ್ಪ ಮಾತ್ರ ಎದ್ದು ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ಜಾಗ ನೋಡಲು ಹೋದ ಮುಂಬಯಿಗರೆಲ್ಲ ಮಾಡುವುದೇ ಅದು. ನಲ್ಲಿ ಬುಸ್ಸೆಂದಿತು.

"ಈಗೆಲ್ಲಿ ಬರುತ್ತೆ?" ಲಲಿತಮ್ಮ ನಕ್ಕರು. "ಬೆಳಿಗ್ಗೆ ಹನ್ನೊಂದಕ್ಕೆ ಬಂದು ಹನ್ನೆರಡೂವರೆಗೆ ಹೋಗುತ್ತೆ. ನಮ್ಮ ಲೈನಿಗೆಲ್ಲ ಅದೇ ಟೈಮು."

ಬಚ್ಚಲಲ್ಲಿ ಎರಡು ಡ್ರಮ್ಮು, ಅಡಿಗೆಮನೆಯಲ್ಲಿ ಸಾಲಾಗಿ ಹಿತ್ತಾಳೆ ಕೊಳಗಗಳು. ಯಾರು ತುಂಬುತ್ತೀರಿ ಎಂದು ಅಪ್ಪ ಕೇಳಿದರು.

"ಇಷ್ಟು ವರ್ಷ ನಾನೇ. ಈಗ ಮಂಡಿ ಬಗ್ಗೋದಿಲ್ಲ ನೋಡಿ. ಇನ್ಮೇಲೆ ಇವಳು ಇರ್ತಾಳಲ್ಲ."

ಹನ್ನೊಂದು ಗಂಟೆಗೆ ನಾನು ಪರೇಲ್‌ನಲ್ಲಿರುತ್ತೇನೆ. ಹಾಗಂತ ಮೆಲ್ಲಗೆ ಹೇಳಿದೆ. ಕೆಲಸದ ಹೆಂಗಸನ್ನು ಇಟ್ಟುಕೊಂಡರೆ ಸಂಬಳ ನಾನೇ ಕೊಡುತ್ತೇನೆ ಎಂದೂ ಹೇಳಿದೆ. ಲಲಿತಮ್ಮ ಆಗದು ಎಂದು ತಲೆಯಾಡಿಸಿದರು. ಅಡಿಗೆ ನೀರು, ದೇವರ ನೀರು ಮಡಿಯಲ್ಲಿ ಹಿಡಿಯಬೇಕಂತೆ, ಹೊರಗಿನವರು ಮುಟ್ಟುವಂತಿಲ್ಲ. (ಅಷ್ಟು ದೂರದ ಪೈಪಿನಲ್ಲಿ ಬರುವ ನೀರನ್ನು ಯಾರು ಯಾರು ಮುಟ್ಟಿದ್ದಾರೋ, ನಾನು ಕೇಳಲಿಲ್ಲ.)

ಅವರು ಕೆಟ್ಟವರಲ್ಲ. ಮಗನಿಗೆ ಕಾಲೇಜಿನಲ್ಲಿ ಬಹುಮಾನ ಕೊಟ್ಟ ದಿನವೂ ಹೋಗಲಾಗಲಿಲ್ಲವಂತೆ, ನೀರಿನ ಹೊತ್ತು. ಹಗಲಿನ ಮುಹೂರ್ತದ ಒಂದು ಮದುವೆಯನ್ನೂ ಅವರು ಈ ಊರಲ್ಲಿ ಪೂರ್ತಿ ನೋಡಿಲ್ಲ. ಅಷ್ಟು ವರ್ಷ ಆ ನಲ್ಲಿಯ ಮುಂದೆ ನಿಂತವರು ಇನ್ನೊಬ್ಬಳು ಬಂದು ನಿಲ್ಲಲಿ ಎಂದು ಕಾದರೆ ತಪ್ಪೆಂದು ಹೇಗೆ ಹೇಳುವುದು? ಆದರೆ ಆ ಇನ್ನೊಬ್ಬಳು ನಾನಾಗಿದ್ದೆ.

ಹುಡುಗನನ್ನೂ ನನ್ನನ್ನೂ ಮಾತಾಡಲು ಗ್ಯಾಲರಿಗೆ ಕಳಿಸಿದರು. ಬ್ಯಾಂಕಿನವನು, ಸೌಮ್ಯ ಮನುಷ್ಯ. ನಾನು ನೇರವಾಗಿ ಕೇಳಿದೆ. ಅವನ ಬ್ಯಾಂಕು ಹತ್ತಿರದಲ್ಲೇ ಇದೆ, ಹನ್ನೊಂದಕ್ಕೆ ಒಂದು ಸಲ ಬಂದು ಹೋಗಲಾದೀತೇ? ವಾರದಲ್ಲಿ ಎರಡು ದಿನವಾದರೂ?

ಅವನು ಮೊದಲು ತಮಾಷೆ ಅಂದುಕೊಂಡ. ಆಮೇಲೆ ಬಹಳ ಮೃದುವಾಗಿ ಹೇಳಿದ, "ನೀವು ಮೊದಲು ಇಲ್ಲಿ ಸೆಟಲ್ ಆಗಿ. ಕೆಲಸದ ವಿಚಾರ ಆಮೇಲೆ ನೋಡೋಣ."

ಹಿಂದಿರುಗುವಾಗ ದಾದರ್‌ವರೆಗೆ ಅಮ್ಮ, ನಾನು ಲೇಡೀಸ್ ಡಬ್ಬಿಯಲ್ಲಿ, ಅಪ್ಪ ಬೇರೆ ಡಬ್ಬಿಯಲ್ಲಿ. ಸೆಂಟ್ರಲ್ ಲೈನಿನ ಸೇತುವೆ ಹತ್ತುವಾಗ ಅಮ್ಮ, ಎಲ್ಲರೂ ಹಾಗೇ ಅಲ್ಲವೇ ಸೆಟಲ್ ಆದದ್ದು ಎಂದು ಕಣ್ಣೊರೆಸಿಕೊಂಡರು. ಅಮ್ಮ ಮದುವೆಗೆ ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು.

ಮನೆಗೆ ಬಂದ ಕೂಡಲೇ ಸರೋಜತ್ತೆಯ ಫೋನು, ಪಕ್ಕದ ಮನೆಗೆ. ಅಪ್ಪ ಹೋಗಿ ಮಾತಾಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಮಗಳಿಗೆ ಇಷ್ಟವಿಲ್ಲ ಎನ್ನುತ್ತಾರೆಯೇ? ಹಾಗಂದರೆ ಅತ್ತೆ ಮೂರು ಊರಿಗೆ ಹಬ್ಬಿಸುತ್ತಾರೆ, ಓದಿದ ಹುಡುಗಿಯ ಕೊಬ್ಬು ಎಂದು.

"ನೀರಿನ ಟೈಮಿಂಗ್ ಸರಿಹೋಗಲಿಲ್ಲಮ್ಮ" ಎಂದರು ಅಪ್ಪ.

ಅತ್ತೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. ಅಯ್ಯೋ, ಹಾಗಾದರೆ ಬೇಡ ಬಿಡು ಎಂದರಂತೆ. ಜಾತಕ ಕೂಡಿಯೂ ನೀರು ಕೂಡದ ಸಂಬಂಧ ಈ ಊರಿನ ಯಾರಿಗೂ ಅರ್ಥವಾಗುತ್ತದೆ. ಪಕ್ಕದ ಮನೆಯವರೂ ಲೊಚಗುಟ್ಟಿದರು. ಅಪ್ಪ ನನ್ನನ್ನು ನೋಡದೆ ಚಪ್ಪಲಿ ಮೆಟ್ಟಿಕೊಂಡರು.

ಸೋಮವಾರ ಎಂದಿನಂತೆ ಪರೇಲ್‌ಗೆ ಹೋದೆ. ಕೈ ಕೆಲಸದಲ್ಲಿತ್ತು, ಮನಸ್ಸು ಗೋರೆಗಾಂವ್‌ನ ಗ್ಯಾಲರಿಯಲ್ಲಿ. ಬ್ಯಾಂಕಿನ ಕೆಲಸ ಸಿಕ್ಕಿದ ದಿನ ಅವನು ಸೆಟಲ್ ಆದನೆಂದು ಎಲ್ಲರೂ ಪೇಡ ತಿಂದಿರಬೇಕು. ನನ್ನ ಕೆಲಸ ಬಿಟ್ಟ ದಿನವೇ ನಾನು ಸೆಟಲ್ ಆಗುವುದು ಹೇಗೆ, ಗೊತ್ತಿದ್ದವರು ಹೇಳಿ?