ತಳ ನೋಡದೆ ಕೊಂಡ ಕಾರು

ನಾನು ಕಾರಿನ ತಳ ನೋಡಲಿಲ್ಲ. ಅದನ್ನು ನೋಡಲೆಂದೇ ಅಕ್ಕ ನನ್ನನ್ನು ಕಾರವಾರಕ್ಕೆ ಕರೆದೊಯ್ದಿದ್ದಳು. ನಮ್ಮೂರು ಕೇಣಿಯಲ್ಲಿ ಹಳೆಯ ಮರದ ದೋಣಿ ಕೊಳ್ಳುವವರು ಮೊದಲು ನನ್ನನ್ನು ಕರೆಯುತ್ತಾರೆ. ಮಗುಚಿ ಹಾಕಿಸಿ, ತಳ ಬಡಿದು, ಸದ್ದಿನಲ್ಲೇ ಹಲಗೆ ಕೊಳೆತಿದೆಯೋ ಇಲ್ಲವೋ ಹೇಳುತ್ತೇನೆ. ಅಕ್ಕ ಕೊಳ್ಳಲು ಹೊರಟ ಆ ಹಳೆಯ ಕಾರಿನಲ್ಲಿ ಮಾತ್ರ ಏಸಿ ಹಾಕಿಸಿಕೊಂಡು ಹಾಡು ಕೇಳುತ್ತ ಕುಳಿತೆ.

"ತಳ ನೋಡಿದ್ಯಾ ತಮ್ಮಾ?" ಎಂದಳು ಅಕ್ಕ.

"ನೋಡಿದೆ. ಗಟ್ಟಿ ಅದೆ, ತಕೋ" ಎಂದೆ.

ಮೊದಲ ಮಳೆಗೆ ಅಕ್ಕ ಆ ಕಾರಿನಲ್ಲಿ ಕಚೇರಿಗೆ ಹೊರಟಾಗ ಕಾಲಡಿಯಿಂದಲೇ ನೀರು ಚಿಮ್ಮಿತು. ಅಂಕೋಲೆಯ ಗ್ಯಾರೇಜಿನವರು ಮ್ಯಾಟ್ ಎತ್ತಿದರೆ, ಉಪ್ಪುಗಾಳಿಗೆ ತುಕ್ಕು ತಿಂದ ತಗಡಿನ ತೂತಿನಲ್ಲಿ ನೆಲ ಕಾಣುತ್ತಿತ್ತು. "ಮಾರಿದವ ಮೋಸ ಮಾಡ್ದ" ಎಂದು ನಾನೇ ಎಲ್ಲರಿಗಿಂತ ಜೋರಾಗಿ ಬೈದೆ. ಅಕ್ಕ ನನ್ನನ್ನು ನೋಡಿ ನಕ್ಕಳು: "ದೋಣಿ ಆಗಿದ್ರೆ ನೀ ಬಗ್ಗಿ ನೋಡ್ತಿದ್ದೆ ಮಾರಾಯಾ. ಅದರಲ್ಲಿ ನೀನೂ ಕೂತ್ಕೊಳ್ಳೂದಲಾ!"

ಅಕ್ಕ ಮತ್ತೆ ಬಸ್ಸಿಗೆ ಹೋಗತೊಡಗಿದಳು. ನನಗೆ ದೋಣಿ ನೋಡುವ ಕರೆಗಳು ಬರುತ್ತಲೇ ಇದ್ದವು. ಮೊನ್ನೆ ಅಂಥದೊಂದು ಕರೆ ಬಂದಾಗ ಮೊದಲು ಅಕ್ಕ ಕಾಯುತ್ತಿದ್ದ ಬಸ್ ಸ್ಟಾಪಿಗೆ ನಡೆದು, ಸಾಲಿನಲ್ಲಿ ನಿಂತವರೆಲ್ಲರ ಎದುರಿಗೆ ಹೇಳಿದೆ: "ಅಕ್ಕಾ, ನಾ ತಳ ನೋಡಲೇ ಇಲ್ಲ. ಹೊಸ ಬಿಳಿ ಅಂಗಿ ಕೊಳೆ ಆಗ್ತದೆ ಅಂತ ಬಗ್ಗಲಿಲ್ಲ. ತಪ್ಪಾಯ್ತು."