ಬಾಪುಸಾಹೇಬರ ಇಳಿಯದ ಗಾಜು

ಐನಾಪುರದ ಬಾಪುಸಾಹೇಬ ಪಾಟೀಲರಿಗೆ ಕಬ್ಬಿನ ತೋಟವಿತ್ತು, ಬಸದಿಯ ಕಮಿಟಿಯಲ್ಲಿ ಕುರ್ಚಿಯಿತ್ತು, ಊರಿನ ಸೊಸಾಯಿಟಿಯ ಚೇರಮನ್‌ಗಿರಿಯೂ ಇತ್ತು. ಆದರೆ ಅವರ ನಿಜವಾದ ಉದ್ಯೋಗ ನಮಸ್ಕಾರ ಮಾಡುವುದು. ಹಳೆಯ ಜೀಪಿನಲ್ಲಿ ಪೇಟೆ ದಾಟುವಷ್ಟರಲ್ಲಿ ಎಮ್ಮೆ ಕಟ್ಟುವವನಿಗೆ, ಚಹಾ ಸೋಸುವವನಿಗೆ, ಜಗಳಾಡುತ್ತ ನಿಂತ ಇಬ್ಬರಿಗೂ ಬೇರೆ ಬೇರೆ ಕೈಮುಗಿಯುತ್ತಿದ್ದರು. ಸೊಸಾಯಿಟಿಯಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಇಷ್ಟು ಕೈಮುಗಿಯುವ ಮನುಷ್ಯನನ್ನು ಕೇಳುವುದಾದರೂ ಹೇಗೆ?

1996ರಲ್ಲಿ, ಸೊಸಾಯಿಟಿಯ ಇಲೆಕ್ಷನ್ನಿಗೆ ಸ್ವಲ್ಪ ಮೊದಲು, ಜೀಪು ಮಾರಿ ಹೊಸ ಕಾರು ತಂದರು. ಕಿಟಕಿಗೆ ತಿರುಗಿಸುವ ಹಿಡಿಕೆಯೇ ಇಲ್ಲ. ಬಟನ್ ಒತ್ತಿದರೆ ಗಾಜು ತಾನೇ ಇಳಿಯುತ್ತದೆ. ನಮ್ಮೂರಿಗೆ ಅಂಥದ್ದು ಅದೇ ಮೊದಲು. ಗಾಜಿಗೆ ಕಪ್ಪು ಹಾಳೆಯನ್ನೂ ಅಂಟಿಸಿದರು. ಈಗ ನಮಸ್ಕಾರಕ್ಕೆ ಬೇರೆಯೇ ಗತ್ತು ಬಂತು. ಮಂದಿ ಕಂಡಲ್ಲಿ ಕಾರು ನಿಲ್ಲುವುದು, ಹಿಂದಿನ ಸೀಟಿನ ಗಾಜು ಗುಂಯ್ ಎಂದು ಇಳಿಯುವುದು. ಮೊದಲು ಬಿಳಿ ಟೋಪಿ, ಆಮೇಲೆ ಮೀಸೆ, ಕೊನೆಗೆ ಮುಗಿದ ಕೈ. ದೇವರ ಮುಂದಿನ ಪರದೆ ಸರಿದಂತಾಗಿ ನೋಡಿದವರು ತಾವೇ ಮೊದಲು ಕೈಮುಗಿದುಬಿಡುತ್ತಿದ್ದರು.

ಅಷ್ಟರಲ್ಲಿ ಗಾಜು ಕೈಕೊಟ್ಟಿತು. ಪೂರ್ತಿ ಕೆಟ್ಟಿದ್ದರೆ ಒಂದು ಮಾತು. ಇದು ಒಂದು ದಿನ ಇಳಿಯುತ್ತಿತ್ತು, ಮರುದಿನ ಜಪ್ಪಯ್ಯ ಅಂದರೂ ಇಲ್ಲ. ಡ್ರೈವರ್ ಮಲಕಾರಿಯ ಪಕ್ಕದ ಗಾಜು ಮಾತ್ರ ದಿನವೂ ಸರಿ.

ಹಾಗೆ ಕೆಟ್ಟು ಕುಳಿತ ದಿನವೇ ಊರ ಹೊರಗೆ ಮಾಳಸಿದ್ದನ ಕುರಿಗಳು ರಸ್ತೆಗೆ ಅಡ್ಡ ಬಂದವು. ಮಾಳಸಿದ್ದ ಕುರುಬರ ಓಣಿಯ ಹಿರಿಯ, ಬಾಪುಸಾಹೇಬರ ತಂದೆಯ ಜೊತೆಗಾರ. ಅವನ ಮಾತಿನ ಮೇಲೆ ಇಡೀ ಓಣಿಯ ಮತ ಬೀಳುತ್ತಿತ್ತು. ಅವನು ಕಾರಿನ ಹತ್ತಿರ ಬಂದು ಕೈ ಎತ್ತಿದ. ಒಳಗೆ ಬಾಪುಸಾಹೇಬರು ಬಟನ್ ಒತ್ತಿದರು, ಗುದ್ದಿದರು, ಕೊನೆಗೆ ಕಪ್ಪು ಗಾಜಿನ ಹಿಂದೆಯೇ ಕೈಮುಗಿದರು. ಕುರಿ ದಾಟಿದವು, ಕಾರು ಧೂಳೆಬ್ಬಿಸಿ ಹೋಯಿತು. ಸಂಜೆ ಚಹಾದಂಗಡಿಯಲ್ಲಿ ಮಾಳಸಿದ್ದ, "ಸಾಹೇಬ್ರಿಗೆ ನಾವೀಗ ಕಾಣಂಗಿಲ್ಲಪಾ" ಎಂದನಂತೆ. ಊರಿಗೆ ಅಷ್ಟು ಸಾಕಾಯಿತು.

ಮಿರಜದಿಂದ ರಾಜಾರಾಮ ಮಿಸ್ತ್ರಿಯನ್ನು ಕರೆಸಿದರು. ಅವನು ಬಂದ ದಿನ ಗಾಜು ಹೂವಿನಂತೆ ಇಳಿಯುತ್ತಿತ್ತು. ಆದರೂ ಬಂದ ತಪ್ಪಿಗೆ ಫ್ಯೂಜ್ ತೆಗೆದು ಊದಿದ, ಬಾಗಿಲಿನ ಒಳಹಲಗೆ ಬಿಚ್ಚಿ ಮೋಟರಿಗೆ ವಾಯರ್ ಹಚ್ಚಿ ನೋಡಿದ, ಗಾಜು ಓಡಾಡುವ ಸಂದಿಗೆ ಗ್ರೀಸ್ ಸವರಿದ. "ಕಾಯ್ ಬಿ ನಾಯ್ ಸಾಹೇಬ, ಏಕದಮ್ ಚಾಂಗಲಿ ಹಾಯ್" ಎಂದು, ಏನೂ ಕೆಟ್ಟಿಲ್ಲವೆಂಬ ಸರ್ಟಿಫಿಕೇಟನ್ನು ಮರಾಠಿಯಲ್ಲಿ ಕೊಟ್ಟು, ಉಂಡು ಹೋದ. ಮರುದಿನ ಗಾಜು ಮತ್ತೆ ಅಲ್ಲಾಡಲಿಲ್ಲ.

"ಇದು ಭೂಪಾಲಂದ ಕೆಲಸ. ಏನೋ ಮಾಡಿಸ್ಯಾನ!" ಎಂದರು ಬಾಪುಸಾಹೇಬರು. ಭೂಪಾಲ ಅವರ ಎದುರು ನಿಂತಿದ್ದ, ಸೈಕಲ್ ಮೇಲೆ ಮತ ಕೇಳುತ್ತಿದ್ದ ಬಡಪಾಯಿ. ಬಸದಿಯಲ್ಲಿ ಕರ್ಮಸಿದ್ಧಾಂತದ ಪ್ರವಚನ ಮಾಡಿಸುವವರು ಕಾರಿಗೆ ನಿಂಬೆಹಣ್ಣು ಕಟ್ಟಿಸಿದರು. ಗಾಜಿಗೆ ಅದರಿಂದಲೂ ಏನೂ ಆಗಲಿಲ್ಲ.

ಗುಟ್ಟು ಹೊರಬಿದ್ದದ್ದು ಅವರ ಹೆಂಡತಿ ತಾರಾಬಾಯಿಯಿಂದ. ಒಂದು ಬೆಳಿಗ್ಗೆ ಸಾಹೇಬರು ಹಿಂದೆ ಕೂತು ಬಟನ್ ಮೇಲೆ ಸಿಟ್ಟು ತೀರಿಸುತ್ತಿದ್ದರು. ಡಬ್ಬಿ ಕೊಡಲು ಬಂದ ತಾರಾಬಾಯಿಯ ಸೀರೆಗೆ ತೆರೆದ ಡ್ರೈವರ್ ಬಾಗಿಲಿನಿಂದ ಹಳದಿ ಹತ್ತಿತು.

"ಏನಿದು, ಬಟನ್‌ಗೆಲ್ಲಾ ಅರಿಷಿಣಾ ಬಡದೀಯಲ್ಲೋ!" ಎಂದು ಮಲಕಾರಿಗೆ ಅನ್ನುತ್ತ ಅರಿವೆಯಿಂದ ಗಸಗಸ ಒರೆಸಿದರು. ಒಂದು ಗುಂಡಿ ಟಕ್ ಎಂದಿತು. ಹಿಂದಿನ ಗಾಜು ಸರ್ರನೆ ಇಳಿದು ಸಾಹೇಬರ ಸಿಟ್ಟಿನ ಮುಖ ಬೀದಿಗೆ ಬಂತು.

ಅದು ಮಕ್ಕಳು ಗಾಜಿನೊಡನೆ ಆಡಬಾರದೆಂದು ಇಟ್ಟ ಗುಂಡಿ. ಒಮ್ಮೆ ಒತ್ತಿದರೆ ಡ್ರೈವರನದು ಬಿಟ್ಟು ಉಳಿದ ಗಾಜೆಲ್ಲ ಬಂದ್, ಇನ್ನೊಮ್ಮೆ ಒತ್ತಿದರೆ ಚಾಲೂ. ಮಲಕಾರಿ ಮಂಗಸೂಳಿಯವನು. ಊರಿಗೆ ಹೋಗಿ ಅಲ್ಲಿಯ ಮಲ್ಲಯ್ಯನ ಭಂಡಾರ, ಅಂದರೆ ಗುಡಿಯ ಅರಿಷಿಣದ ಪುಡಿ, ತಂದಾಗಿನಿಂದ ಅದನ್ನು ದಿನಾ ಬೆಳಿಗ್ಗೆ ಸ್ಟೇರಿಂಗಿಗೆ, ಗೇರಿಗೆ, ಒಂದನ್ನೂ ಬಿಡದೆ ಬಟನ್‌ಗಳಿಗೆ ಹೆಬ್ಬೆರಳಿನಿಂದ ಒತ್ತಿ ಹಚ್ಚುತ್ತಿದ್ದ. ಇವತ್ತಿನ ಭಕ್ತಿಗೆ ಬೀಗ ಬಿದ್ದರೆ ನಾಳಿನ ಭಕ್ತಿಗೆ ತೆರೆಯುತ್ತಿತ್ತು.

"ಮೆಲ್ಲಕ ಹಚ್ಚಾಕ ಬರೂದಿಲ್ಲೇನೋ?" ಎಂದು ತಾರಾಬಾಯಿ ಗದರಿದರು.

"ದೇವರಂದ ಮ್ಯಾಲ ಗಟ್ಟಿ ಹಚ್ಚಬೇಕಲ್ರಿ ಅಕ್ಕಾರ" ಎಂದ ಮಲಕಾರಿ.

ಇಲೆಕ್ಷನ್ ಮರುದಿನವೇ ಇತ್ತು. ಬಾಪುಸಾಹೇಬರು ನಾಲ್ಕೂ ಗಾಜು ಇಳಿಸಿಕೊಂಡು ಊರೆಲ್ಲ ಸುತ್ತಿದರು. ಮತವಿಲ್ಲದ ಶಾಲೆ ಹುಡುಗರಿಗೂ ಕೈಮುಗಿದರು. ಟೋಪಿಯಿಂದ ಮೀಸೆಯವರೆಗೆ ಧೂಳು. ಚಹಾದಂಗಡಿಯ ಮಂದಿ, "ಇಲೆಕ್ಷನ್ ಬಂತ್ ನೋಡ, ಗಾಜ ಇಳೀತು" ಎಂದು ನಕ್ಕರು. ಭೂಪಾಲ ಗೆದ್ದ. ಕುರುಬರ ಓಣಿಯ ಒಂದು ಮತವೂ ಸಾಹೇಬರಿಗೆ ಬೀಳಲಿಲ್ಲ.

ಕುರ್ಚಿ ಹೋದದ್ದಕ್ಕಿಂತ ಮಾಳಸಿದ್ದ ಕೈಬಿಟ್ಟದ್ದು ಅವರನ್ನು ಸುಟ್ಟಿತು. ನೆರೆಮನೆಯ ನನ್ನನ್ನೂ ಸಾಕ್ಷಿಗೆಂದು ಕೂರಿಸಿಕೊಂಡು ಅವನ ಕುರಿಹಟ್ಟಿಗೆ ಹೋದರು. ತಪ್ಪು ತಮ್ಮದಲ್ಲ ಎಂದು ಸಾಧಿಸಲೇಬೇಕಿತ್ತು. ಫ್ಯೂಜ್, ಮೋಟರ್, ಬೀಗದ ಗುಂಡಿ, ಒಂದನ್ನೂ ಬಿಡದೆ ವಿವರಿಸಿದರು. ಹೇಳುತ್ತ ಹೇಳುತ್ತ ಟೋಪಿ ತೆಗೆದು ಕೈಯಲ್ಲಿ ಹಿಡಿದರು. ನನಗೂ ಅಯ್ಯೋ ಅನಿಸಿತು. ಮಾಳಸಿದ್ದ ಉಣ್ಣೆ ಬಿಡಿಸುತ್ತ ಎಲ್ಲ ಕೇಳಿದ. ಭಂಡಾರದ ಮಾತು ಬಂದಾಗ ಹಣೆ ಮುಟ್ಟಿಕೊಂಡ. ಆಮೇಲೆ ನಿಧಾನವಾಗಿ ತಲೆಯೆತ್ತಿದ.

"ಗಾಜಿಂದು ತಿಳೀತ್ರಿ ಸಾಹೇಬ್ರ. ಬಾಗಲಾ ಚಲೋ ಇತ್ತಲ್ರಿ?"