ಗ್ರಾವೆಲ್ ತೆಗೆದ ಗುಡ್ಡ

ಬಣಕಲ್ ಹತ್ತಿರ ನಮ್ಮ ಕಾಫಿ ತೋಟದ ಮೇಲ್ಭಾಗದಲ್ಲಿ ಒಂದು ಬೋಳುಗುಡ್ಡವಿತ್ತು. ಹುಲ್ಲು, ಅಲ್ಲಲ್ಲಿ ಒಂದೆರಡು ನೆಲ್ಲಿಮರ, ಅಷ್ಟೇ. ಅಡಿಯಲ್ಲಿ ಬರೀ ಗರಸು ಇದ್ದುದರಿಂದ ಅಲ್ಲಿ ಕಾಫಿ ಬರುತ್ತಿರಲಿಲ್ಲ. ರಸ್ತೆ ಅಗಲ ಮಾಡುವ ಕೆಲಸ ಶುರುವಾದಾಗ ಗುತ್ತಿಗೆದಾರರೊಬ್ಬರು ಬಂದು ಗ್ರಾವೆಲ್ ಕೇಳಿದರು. ನನ್ನ ಗಂಡ ಹಿಂದೆಮುಂದೆ ನೋಡಿದರು. "ಹೇಗಿದ್ರೂ ಉಪಯೋಗಕ್ಕಿಲ್ಲದ ಜಾಗ, ಕೊಟ್ಟುಬಿಡೋಣ" ಅಂದವಳು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎರಡು ಬೇಸಿಗೆ ಟಿಪ್ಪರುಗಳು ಓಡಾಡಿದವು. ಆಮೇಲೆ ಬರಲಿಲ್ಲ. ಅರ್ಧ ಗುಡ್ಡ ಹೋಗಿತ್ತು. ಅದರ ಜಾಗದಲ್ಲಿ ಎರಡಾಳೆತ್ತರದ ಕೆಂಪು ಗೋಡೆ, ಬುಡದಲ್ಲಿ ಏನೂ ಬೆಳೆಯದ ಬಯಲು.

ಆ ಜೂನಿನಲ್ಲಿ ಮಳೆ ಹಿಡಿದ ಮೂರನೆಯ ದಿನ ಕೆಳಗಿನ ಗದ್ದೆಯ ಯಜಮಾನರು ಮನೆಗೆ ಬಂದರು. ನಮ್ಮ ಮಾವನವರ ಓರಗೆಯವರು. ಕೂರಿ ಅಂದರೂ ಕೂರಲಿಲ್ಲ.

"ನಿಮ್ಮ ಗುಡ್ಡ ನಮ್ಮ ಗದ್ದೆಗೆ ಬಂದು ಕೂತಿದೆ ಮಾರಾಯ್ತಿ. ಒಂದ್ಸಲ ಬಂದು ನೋಡು," ಅಂದರು.

ಹೋಗಿ ನೋಡಿದೆ. ಭತ್ತದ ಸಸಿಮಡಿ ಇದ್ದ ಗುರುತೇ ಇರಲಿಲ್ಲ. ಅದರ ಮೇಲೆಲ್ಲ ಕೆಂಪು ಗರಸು ಹರಡಿಕೊಂಡಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಸಮಜಾಯಿಷಿ ಕೊಟ್ಟು ಹಗುರಾಗುತ್ತಿದ್ದೆನೇನೋ.

ಅದೇ ಮಳೆಗಾಲದಲ್ಲಿ ಅವಸರವಾಗಿ ಗುಡ್ಡದ ತುಂಬ ಸಿಲ್ವರ್ ಓಕ್ ನೆಡಿಸಿದೆವು. ಅರ್ಧ ಸಸಿಗಳು ನೀರಿಗೆ ಕೊಚ್ಚಿಹೋದವು. ಮಳೆ ನಿಂತ ಮೇಲೆ ಆಳುಗಳ ಜೊತೆ ನಾವಿಬ್ಬರೂ ಗದ್ದೆಗೆ ಇಳಿದು ಬುಟ್ಟಿಯಲ್ಲಿ ಗರಸು ಹೊತ್ತೆವು. ಹದಿನೈದು ದಿನ ಹಿಡಿಯಿತು. ಮಾರ್ಚ್ ಹೊತ್ತಿಗೆ ಉಳಿದ ಸಸಿಗಳೂ ಒಣಗಿ ಕಡ್ಡಿಯಾದವು.

ನಮ್ಮ ಕಾಫಿ ನರ್ಸರಿಯನ್ನು ಬಹಳ ಕಾಲದಿಂದ ನೋಡಿಕೊಂಡಿದ್ದ ಹಿರಿಯ ಹೆಂಗಸೊಬ್ಬರಿದ್ದರು. ಕೇಳದೆ ಏನನ್ನೂ ಹೇಳುವವರಲ್ಲ. ನಾನು ಅವರನ್ನು ಕೇಳಿಯೇ ಇರಲಿಲ್ಲ. ಒಂದು ಬೆಳಿಗ್ಗೆ ಗುಡ್ಡಕ್ಕೆ ಕರೆದುಕೊಂಡು ಹೋದೆ. ಕುಕ್ಕರುಗಾಲಲ್ಲಿ ಕೂತು ಉಗುರಿನಿಂದ ನೆಲ ಕೆರೆದರು.

"ಇಲ್ಲಿ ಗಿಡ ಯಾಕೆ ನೆಡ್ತೀರಮ್ಮ? ಮಣ್ಣೇ ಇಲ್ಲ. ಮೊದ್ಲು ನೀರು ನಿಲ್ಸಿ, ಹುಲ್ಲು ಬರ್ಲಿ. ಗಿಡದ ಮಾತು ಆಮೇಲೆ."

"ಎಷ್ಟು ವರ್ಷ ಆಗ್ಬಹುದು?"

"ನಾನು ಇರ್ತೀನೋ ಇಲ್ವೋ. ನೀವು ಇರ್ತೀರಿ."

ಅವರು ಹೇಳಿದಂತೆ ಇಳಿಜಾರಿಗೆ ಅಡ್ಡವಾಗಿ ಕಲ್ಲಿನ ಸಾಲು ಕಟ್ಟಿಸಿದೆವು. ಸಾಲಿನ ಹಿಂದೆ ಕೊಳೆತ ಕಾಫಿ ಸಿಪ್ಪೆ, ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯಲ್ಲಿ ಕಡಿದ ಸೊಪ್ಪು ತುಂಬಿಸಿದೆವು. ಗುಡ್ಡದ ಉಳಿದರ್ಧದಿಂದ ಬೀಜ ಬಲಿತ ಹುಲ್ಲು ಕೊಯ್ದು ತಂದು ಹರಡಿದೆವು. ಕೊನೆಗೆ ಅಲ್ಲಲ್ಲಿ ಒಣಗಿದ ದೊಡ್ಡ ಕೊಂಬೆಗಳನ್ನು ನೆಡಲು ಹೇಳಿದರು. ಯಾಕೆಂದು ಕೇಳಿದೆ.

"ಹಕ್ಕಿ ಕೂರೋಕೆ. ತಿಂದ ಹಣ್ಣಿನ ಬೀಜ ಅಲ್ಲೇ ಉದುರಿಸ್ತವೆ."

ನನ್ನ ಗಂಡ ನಕ್ಕರು. ಆದರೆ ಕೊಂಬೆ ಹೊತ್ತು ತಂದವರಲ್ಲಿ ಅವರೂ ಇದ್ದರು. ಎರಡನೆಯ ವರ್ಷ ಕಲ್ಲಿನ ಹಿಂದೆ ಹುಲ್ಲು ನಿಂತಿತು. ಮೂರನೆಯ ವರ್ಷ ಕೊಂಬೆಗಳ ಬುಡದಲ್ಲಿ ಗೇಣುದ್ದದ ನೇರಳೆ, ಅತ್ತಿ ಸಸಿಗಳಿದ್ದವು.

ಉಳಿದದ್ದು ಗೋಡೆ. ಅದನ್ನು ಇಳಿಜಾರು ಮಾಡಬೇಕೆಂದು ತಿಳಿದವರೆಲ್ಲ ಹೇಳಿದ್ದರು. ಒಂದು ಮಾರ್ಚ್‌ನಲ್ಲಿ ಜೆಸಿಬಿ ಕರೆಸಿದೆವು. ಬಂದ ಆಪರೇಟರ್ ಹಿಂದೆ ಗುತ್ತಿಗೆದಾರರ ಕೈಕೆಳಗೆ ಇದೇ ಗುಡ್ಡ ಅಗೆದವರೇ. ಎರಡು ಸಲ ಬಕೆಟ್ ಎತ್ತಿದವರು ಇಂಜಿನ್ ನಿಲ್ಲಿಸಿ ಕೆಳಗಿಳಿದರು.

"ಅಕ್ಕಾ, ಇಲ್ಲಿ ಬನ್ನಿ. ಈ ತೂತುಗಳಲ್ಲೆಲ್ಲ ಹಕ್ಕಿ ಇದೆ."

ಹಸಿರು ಮೈಯ, ಕಂದು ತಲೆಯ ಕಳ್ಳಿಪೀರ ಹಕ್ಕಿಗಳು. ಗೋಡೆಯ ತುಂಬ ಬಿಲ ಕೊರೆದು ಗೂಡು ಮಾಡಿದ್ದವು. ಒಂದು ಹಕ್ಕಿ ಕೊಕ್ಕಿನಲ್ಲಿ ಏರೋಪ್ಲೇನ್ ಚಿಟ್ಟೆ ಹಿಡಿದು ಒಳಗೆ ಹೋಗಲಾರದೆ ಸುತ್ತುತ್ತಿತ್ತು.

"ನೀವು ಹೇಳಿದ್ರೆ ತೆಗೀತೀನಿ. ಆದ್ರೆ ನಂಗೆ ಕೈ ಬರ್ತಿಲ್ಲ," ಅಂದರು ಆಪರೇಟರ್.

"ಹೀಗೇ ಬಿಟ್ರೆ ಮಳೆಗೆ ಕುಸಿದು ಮತ್ತೆ ಗದ್ದೆಗೇ ಹೋಗುತ್ತೆ," ಅಂದರು ನನ್ನ ಗಂಡ.

ಇಬ್ಬರ ಮಾತೂ ಸರಿ. ನನಗೆ ತೀರ್ಮಾನಿಸಲು ಧೈರ್ಯ ಬರಲಿಲ್ಲ. ಒಂದು ಸಲ ಸುಲಭವಾಗಿ ತೀರ್ಮಾನಿಸಿಬಿಟ್ಟಿದ್ದೆನಲ್ಲ. ನೇರ ಇಳಿದು ಹೋಗಿ ಗದ್ದೆಯ ಯಜಮಾನರನ್ನು ಕರೆತಂದೆ. ಹಾಳಾದರೆ ಹಾಳಾಗುವುದು ಅವರ ಗದ್ದೆ. ಅವರು ಗೋಡೆಯ ಉದ್ದಕ್ಕೂ ಒಂದು ಸಲ ನಡೆದು ಬಂದರು.

"ಇರ್ಲಿ ಬಿಡು. ಮೇಲ್ಗಡೆ ಚರಂಡಿ ಹೊಡ್ಸಿ ನೀರನ್ನ ಆಚೆ ತಿರುಗ್ಸಿ. ಬುಡದಲ್ಲಿ ಉದ್ದಕ್ಕೆ ಗುಂಡಿ ತೆಗ್ಸಿ. ಬಿದ್ದಿದ್ದು ಅಲ್ಲೇ ನಿಲ್ಲುತ್ತೆ."

ಹಕ್ಕಿಗಳಿಗೆ ಗಾಬರಿಯಾಗದಷ್ಟು ದೂರದಲ್ಲಿ ಜೆಸಿಬಿ ಸಂಜೆಯವರೆಗೆ ಆ ಕೆಲಸ ಮಾಡಿತು. ಆ ಮಳೆಗಾಲದಲ್ಲಿ ಗೋಡೆಯ ಒಂದು ಮೂಲೆ ಕುಸಿಯಿತು. ಬಿದ್ದ ಮಣ್ಣು ಗುಂಡಿ ದಾಟಲಿಲ್ಲ. ಆದರೂ ಯಜಮಾನರ ಒಂದು ಗದ್ದೆಯಲ್ಲಿ ಈಗಲೂ ಪೈರು ತೆಳ್ಳಗೆ ಬರುತ್ತದೆ. ಅವರು ಅದರ ಮಾತೆತ್ತುವುದಿಲ್ಲ. ಕೊಯ್ಲಿನ ಹೊತ್ತಿಗೆ ನಾನೇ ಹೋಗಿ ನೋಡಿ ಬರುತ್ತೇನೆ.

ನರ್ಸರಿಯ ಆ ಹಿರಿಯರಿಗೆ ಈಗ ಗುಡ್ಡ ಹತ್ತಲು ಆಗುವುದಿಲ್ಲ. ಕಳೆದ ತಿಂಗಳು ಜೀಪಿನಲ್ಲಿ ಕರೆದೊಯ್ದು ತೋರಿಸಿದೆ. ನನ್ನೆತ್ತರ ಬೆಳೆದ ನೇರಳೆ ಗಿಡವನ್ನು ಹೊಗಳುತ್ತಾರೆಂದುಕೊಂಡಿದ್ದೆ. ಅವರ ಕಣ್ಣು ಇನ್ನೂ ಬೋಳಾಗಿದ್ದ ಒಂದು ಪಟ್ಟಿಯ ಮೇಲಿತ್ತು.

"ಆ ಮೂಲೆಗೆ ಸಿಪ್ಪೆ ಸಾಲ್ದು ಅಮ್ಮ," ಅಂದರು.

ಮರುದಿನ ಎರಡು ಲೋಡ್ ಹಾಕಿಸಿದೆವು.